ಕುರಿಯ ತಲೆ, ನಾಯಿಯ ಪಾಲು

ನಮ್ಮ ಕುರುಬರಲ್ಲಿ ನಾಯಿಗೆ ಇರುವ ಮಾನ ಹಳೆಯದು. ಮೈಲಾರ ದೇವರ ಭಕ್ತರಾದ ವಗ್ಗಯ್ಯಗಳು ನಾಯಿಯಂತೆ ಬೊಗಳಿ ಸೇವೆ ಮಾಡುತ್ತಾರೆ. ನಮ್ಮ ಮಳಖೇಡದಿಂದ, ಅಂದರೆ ಆಗಿನ ಮಾನ್ಯಖೇಟದಿಂದ, ಮೂರನೆಯ ಕೃಷ್ಣ ಆಳುತ್ತಿದ್ದಾಗ, ಕ್ರಿ.ಶ. 949–50ರ ಸುಮಾರಿಗೆ, ದೂರದ ಆತಕೂರಿನಲ್ಲಿ ಮಣಲೇರನೆಂಬ ವೀರ ಹಂದಿಯೊಡನೆ ಕಾದು ಸತ್ತ ತನ್ನ ನಾಯಿ ಕಾಳಿಗೆ ಕಲ್ಲನ್ನೇ ನಿಲ್ಲಿಸಿದ. ಮಾನ್ಯಖೇಟದ ಹೆಸರು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ನಾಯಿ.

ತೊಗರಿ ರಾಶಿ ಮುಗಿದ ಮೇಲೆ ಸೇಡಂ, ಚಿತ್ತಾಪುರದ ಎರೆಹೊಲಗಳಲ್ಲಿ ನಮ್ಮ ಅಜ್ಜ ಹಿಂಡು ತರುಬುತ್ತಿದ್ದ. ಗೊಬ್ಬರಕ್ಕೆ ಬದಲಾಗಿ ರೈತರು ಜೋಳ ಅಳೆದು ಕೊಡುತ್ತಿದ್ದರು. ಚಿಂಚೋಳಿಯ ಅಡವಿ ಅಂಚಿನಲ್ಲಿ ತೋಳದ ಕಾಟ. ರಾತ್ರಿಯಿಡೀ ನಾಯಿಯೇ ಕಾವಲು. ಹಾಗಾಗಿ ಜಡ್ಡಿನ ಕುರಿ ಕೊಯ್ದರೆ, ನಾವು ತಿನ್ನಲು ಹೇಸುವ ಅದರ ತಲೆ ನಾಯಿಯ ಪಾಲಾಗುತ್ತಿತ್ತು.

ಆ ಜಡ್ಡು ನಾನು ಕಂಡದ್ದೇ. ವರ್ಷದೊಳಗಿನ ಮರಿ ಹಿಂಡಿನಿಂದ ಹಿಂದೆ ಬೀಳುತ್ತದೆ. ತಲೆ ಓರೆ ಮಾಡಿ ಒಂದೇ ಕಡೆಗೆ ಗಿರಗಿರನೆ ಸುತ್ತುತ್ತದೆ, ಮುಳ್ಳುಬೇಲಿಗೆ ಹೋಗಿ ಹಾಯುತ್ತದೆ. ಕೆಲವು ಮರಿಗಳ ನೆತ್ತಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಎಲುಬು ಮೆತ್ತಗೆ ತಗ್ಗುತ್ತದೆ. ಅಜ್ಜ ಕುಡುಗೋಲು ಕಾಯಿಸಿ ಅಲ್ಲಿಗೇ ಬರೆ ಹಾಕುತ್ತಿದ್ದ. ಮರಿ ಬದುಕುತ್ತಿರಲಿಲ್ಲ. ಬುರುಡೆ ಒಡೆದರೆ ಮಿದುಳಿನಲ್ಲಿ ನೀರು ತುಂಬಿದ ತೆಳು ಚೀಲ, ಅದರ ಒಳಗೋಡೆಗೆ ಅಕ್ಕಿನುಚ್ಚಿನಂಥ ಬಿಳಿ ಚುಕ್ಕಿಗಳ ಗೊಂಚಲು.

ಆ ಒಂದೊಂದು ಚುಕ್ಕಿಯೂ ಒಂದು ಲಾಡಿಹುಳುವಿನ ತಲೆ. ಒಂದೇ ಚೀಲದಲ್ಲಿ ಅಂಥವು ನೂರಾರು ಇರಬಹುದು. ನಾಯಿ ಅದನ್ನು ತಿಂದರೆ ಅದರ ಕರುಳಿನಲ್ಲಿ ಅವು ಉದ್ದನೆಯ ಹುಳುಗಳಾಗುತ್ತವೆ. ಸುಮಾರು ಆರು ವಾರಕ್ಕೆ ತತ್ತಿ ನಾಯಿಯ ಹೇಲಿನಲ್ಲಿ ಹೊರಬಿದ್ದು ಹುಲ್ಲಿಗೆ ಅಂಟುತ್ತದೆ. ಮೇದ ಮರಿಯ ರಕ್ತದ ಜೊತೆ ಮರಿಹುಳು ಮಿದುಳು ಸೇರಿ, ತಿಂಗಳುಗಟ್ಟಲೆ ಬೆಳೆದು ಮತ್ತೆ ಚೀಲವಾಗುತ್ತದೆ. ಈ ಹುಳುವಿಗೆ 1780ರಲ್ಲಿ ಲೆಸ್ಕೆ ಎಂಬ ಜರ್ಮನ್ ವಿದ್ವಾಂಸ ಹೆಸರಿಟ್ಟ. 1850ರ ದಶಕದಲ್ಲಿ ಅದೇ ದೇಶದ ವೈದ್ಯ ಕ್ಯೂಖನ್‌ಮೈಸ್ಟರ್ ನಾಯಿಗೂ ಕುರಿಗೂ ತಿನ್ನಿಸಿ ನೋಡಿ ಈ ನಂಟನ್ನು ತೋರಿಸಿಕೊಟ್ಟ. ನಾಯಿಯ ಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಗುಳಿಗೆ 1970ರ ದಶಕದಲ್ಲಿ ಬಂತು. ನಮ್ಮ ಹಟ್ಟಿಗೆ ಮಾತ್ರ ಈ ಸುದ್ದಿ ಬಹಳ ತಡವಾಗಿ ಮುಟ್ಟಿತು. ಅಷ್ಟರಲ್ಲಿ ಎಷ್ಟು ಮರಿಗಳು ಸುಮ್ಮನೆ ಬರೆ ತಿಂದು ಸತ್ತವೋ ಎಂದು ನೆನೆದರೆ ಸಂಕಟವಾಗುತ್ತದೆ.

ಈಗ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಕಲಿತ ಡಾಕ್ಟರರು ಬುರುಡೆ ಕೊರೆದು ಚೀಲ ತೆಗೆದು ಕೆಲವು ಕುರಿಗಳನ್ನು ಉಳಿಸುತ್ತಾರೆ. ಆದರೂ ಹಿಂಡು ಉಳಿಸುವ ದಾರಿ ನಾಯಿಯಿಂದಲೇ ಶುರುವಾಗಬೇಕು. ವಾಡಿ, ಶಹಾಬಾದಿನ ಫರ್ಸಿ ಕ್ವಾರಿಗಳ ಸುತ್ತ ಕುರಿ ಮೇಯಿಸುವ ನನ್ನ ಬಳಗದವರಿಗೆ ಕೈಮುಗಿದು ಹೇಳುತ್ತೇನೆ: ಸುತ್ತುವ ಕುರಿಯ ತಲೆಯನ್ನು ನಾಯಿ ಕೆದರದಷ್ಟು ಆಳಕ್ಕೆ ಹೂಳಿರಿ, ಇಲ್ಲವೇ ಸುಟ್ಟುಬಿಡಿರಿ. ನಾಯಿಗೆ ಬೇಯಿಸಿದ್ದನ್ನೇ ಹಾಕಿರಿ. ಪಶು ದವಾಖಾನೆಯಲ್ಲಿ ಅದರ ತೂಕ ಹೇಳಿ ಗುಳಿಗೆ ಪಡೆದು, ಆರರಿಂದ ಎಂಟು ವಾರಕ್ಕೊಮ್ಮೆ ತಪ್ಪದೆ ಕೊಡಿರಿ.