ಸುಂಕ ರಸ್ತೆಗಳು ಮತ್ತು ಸ್ಥಳೀಯ ಸಂಚಾರ: ಹಳೆಯ ಬೆಂಗಳೂರಿನ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಬಸವನಗುಡಿ, ಚಾಮರಾಜಪೇಟೆ ಹಾಗೂ ಮಲ್ಲೇಶ್ವರ ಬಡಾವಣೆಗಳೊಳಗಿನ ರಸ್ತೆಗಳಲ್ಲಿ ಟೋಲ್ ಸಂಗ್ರಹಣೆ ಇರುವುದಿಲ್ಲ. ಆದಾಗ್ಯೂ ಕನಕಪುರ ರಸ್ತೆ, ಮೈಸೂರು ರಸ್ತೆ ಮತ್ತು ತುಮಕೂರು ರಸ್ತೆಗಳ ಮೂಲಕ ನಗರದ ಹೊರಗೆ ತೆರಳುವ ಇಲ್ಲಿನ ನಿವಾಸಿಗಳು ಟೋಲ್ ರಸ್ತೆಗಳನ್ನು ಬಳಸುತ್ತಾರೆ. ಆ ರಸ್ತೆಗಳ ಸಂಚಾರದ ಪರಿಣಾಮವೂ ಈ ಬಡಾವಣೆಗಳ ಮೇಲಾಗುತ್ತದೆ. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

2. ಚರ್ಚೆಯ ಸ್ವರೂಪ

ರಸ್ತೆಯನ್ನು ಬಳಸುವವರೇ ಅದರ ವೆಚ್ಚ ಭರಿಸತಕ್ಕದ್ದು ಹಾಗೂ ದೂರ ಪ್ರಯಾಣದ ವಾಹನಗಳು ಸ್ಥಳೀಯ ರಸ್ತೆಗಳನ್ನು ಬಿಟ್ಟು ಪ್ರತ್ಯೇಕ ಮಾರ್ಗದಲ್ಲಿ ಸಾಗುತ್ತವೆ ಎಂಬುದು ಒಂದು ವಾದ. ಟೋಲ್ ತಪ್ಪಿಸುವ ವಾಹನಗಳು ಉಚಿತ ರಸ್ತೆಗಳಲ್ಲಿಯೇ ಉಳಿಯುತ್ತವೆ, ಟೋಲ್ ನೀಡದ ಸ್ಥಳೀಯರು ಅದರ ದಟ್ಟಣೆಯನ್ನು ಅನುಭವಿಸಬೇಕಾಗುತ್ತದೆ ಎಂಬುದು ಇನ್ನೊಂದು ವಾದ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಂಕಸಹಿತ ಸುರಂಗ ರಸ್ತೆಯ ಪ್ರಸ್ತಾವದ ಬಗ್ಗೆ, ವಿಶೇಷವಾಗಿ ಲಾಲ್‌ಬಾಗ್ ಬಳಿಯ ಪ್ರವೇಶ ಮಾರ್ಗದ ಬಗ್ಗೆ, 2025ರಲ್ಲಿ ನಾಗರಿಕರಿಂದ ಆಕ್ಷೇಪಣೆಗಳು ವ್ಯಕ್ತವಾದವು.

3. ಮೈಸೂರು ರಸ್ತೆಯ ನಿದರ್ಶನ

ಬೆಂಗಳೂರು–ಮೈಸೂರು ಹೆದ್ದಾರಿಯು (ರಾಷ್ಟ್ರೀಯ ಹೆದ್ದಾರಿ 275) ದಿನಾಂಕ 12-3-2023ರಂದು ಉದ್ಘಾಟನೆಗೊಂಡು, 14-3-2023ರಿಂದ ಬಿಡದಿ ಸಮೀಪದಲ್ಲಿ ಟೋಲ್ ಸಂಗ್ರಹಣೆ ಆರಂಭವಾಯಿತು. 1-8-2023ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ ಮತ್ತು ಟ್ರ್ಯಾಕ್ಟರ್‌ಗಳ ಸಂಚಾರವನ್ನು ನಿಷೇಧಿಸಲಾಯಿತು. ಇದರಿಂದಾಗಿ ಈ ವಾಹನಗಳೂ ಟೋಲ್ ತಪ್ಪಿಸುವ ಕಾರುಗಳೂ ಒಂದೇ ಸರ್ವಿಸ್ ರಸ್ತೆಯನ್ನು ಹಂಚಿಕೊಳ್ಳಬೇಕಾಗುತ್ತದೆ. ಮುಖ್ಯ ಪಥದಲ್ಲಿ ಉಳಿತಾಯವಾದ ಸಮಯವು ನಗರ ಪ್ರವೇಶದ ನಂತರ ನಾಯಂಡಹಳ್ಳಿ, ಸಿರ್ಸಿ ವೃತ್ತ ಮತ್ತು ಕೃಷ್ಣರಾಜ ಮಾರುಕಟ್ಟೆಯ ದಟ್ಟಣೆಯಲ್ಲಿ ಕಳೆದುಹೋಗುವ ಸಂಭವವಿರುತ್ತದೆ.

4. ಲಭ್ಯವಿರುವ ರಿಯಾಯಿತಿಗಳು

ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು, 2008ರ ಅನ್ವಯ:

(ಅ) ಟೋಲ್ ಕೇಂದ್ರವನ್ನು ದಾಟದ ವಾಹನದಿಂದ ಶುಲ್ಕ ವಸೂಲು ಮಾಡುವಂತಿಲ್ಲ.

(ಆ) 24 ಗಂಟೆಗಳೊಳಗೆ ಹಿಂದಿರುಗುವ ವಾಹನಕ್ಕೆ ಹೋಗಿಬರುವ ಒಟ್ಟು ಶುಲ್ಕವು ಏಕಮುಖ ಶುಲ್ಕದ ಒಂದೂವರೆ ಪಟ್ಟು ಮಾತ್ರ.

(ಇ) ಟೋಲ್ ಕೇಂದ್ರದಿಂದ 20 ಕಿ.ಮೀ. ಒಳಗೆ ವಾಸಿಸುವ, ವಾಣಿಜ್ಯೇತರ ವಾಹನದ ಮಾಲೀಕರು ಮಾಸಿಕ ಸ್ಥಳೀಯ ಪಾಸ್ ಪಡೆಯಬಹುದು. 2007-08ರ ಮೂಲ ದರ ರೂ. 150 ಆಗಿದ್ದು, ಪ್ರತಿ ವರ್ಷ ಪರಿಷ್ಕರಣೆಗೆ ಒಳಪಟ್ಟಿರುತ್ತದೆ. ಸರ್ವಿಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಲಭ್ಯವಿದ್ದಲ್ಲಿ ಈ ಪಾಸ್ ನೀಡತಕ್ಕದ್ದಲ್ಲವೆಂದು ನಿಯಮವು ತಿಳಿಸುತ್ತದೆ.

ಇದಲ್ಲದೆ, ಖಾಸಗಿ ಕಾರು, ಜೀಪು ಮತ್ತು ವ್ಯಾನುಗಳಿಗೆ 15-8-2025ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಜಾರಿಗೆ ಬಂದಿದೆ. ಆರಂಭಿಕ ದರ ರೂ. 3,000. ಒಂದು ವರ್ಷ ಅಥವಾ 200 ಪ್ರಯಾಣ, ಇವುಗಳಲ್ಲಿ ಮೊದಲು ಮುಗಿಯುವುದು ಅನ್ವಯಿಸುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲದ ನೈಸ್ ರಸ್ತೆಗೆ ಈ ಪಾಸ್ ಅನ್ವಯಿಸುವುದಿಲ್ಲ. ಅಲ್ಲಿ ದ್ವಿಚಕ್ರ ವಾಹನಗಳಿಗೂ ಶುಲ್ಕವಿರುತ್ತದೆ.

5. ಅರ್ಜಿದಾರರಿಗೆ ಸೂಚನೆ

ಸ್ಥಳೀಯ ಪಾಸ್ ಬಯಸುವವರು ವಾಹನದ ನೋಂದಣಿ ಪತ್ರ ಮತ್ತು ವಾಸಸ್ಥಳದ ದಾಖಲೆಯೊಂದಿಗೆ ಸಂಬಂಧಪಟ್ಟ ಟೋಲ್ ಕೇಂದ್ರವನ್ನು ಸಂಪರ್ಕಿಸುವುದು. ಹಳೆಯ ಬಡಾವಣೆಗಳ ನಿವಾಸಿಗಳು ಹಣ ಪಾವತಿಸುವ ಮುನ್ನ ತಮ್ಮ ಮನೆಯು 20 ಕಿ.ಮೀ. ಮಿತಿಯೊಳಗಿದೆಯೇ ಹಾಗೂ ಆ ಕೇಂದ್ರದಲ್ಲಿ ಸ್ಥಳೀಯ ಪಾಸ್ ನೀಡಲಾಗುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ವಾರ್ಷಿಕ ಪಾಸನ್ನು ರಾಜಮಾರ್ಗಯಾತ್ರಾ ಆ್ಯಪ್ ಮೂಲಕ ಪಡೆಯಬಹುದು. ರಾಷ್ಟ್ರೀಯ ಹೆದ್ದಾರಿಗಳಿಗೆ ಸಂಬಂಧಿಸಿದ ದೂರುಗಳಿಗೆ ಸಹಾಯವಾಣಿ 1033ಕ್ಕೆ ಕರೆ ಮಾಡಲು ಕೋರಲಾಗಿದೆ.