ಬೋರ್‌ವೆಲ್ ಕೇಬಲ್ ಕಳವಾದರೆ ದೂರಿನಲ್ಲಿ ಏನು ಬರೆಸಬೇಕು?

ತೋಟದ ಬೋರ್‌ವೆಲ್ ಕೇಬಲ್ಲನ್ನು ರಾತ್ರೋರಾತ್ರಿ ಕತ್ತರಿಸಿಕೊಂಡು ಹೋಗುವುದು ಹಳ್ಳಿಗಳಲ್ಲಿ ಹೊಸದೇನಲ್ಲ. ಕಳ್ಳರಿಗೆ ಬೇಕಿರೋದು ಒಳಗಿನ ತಾಮ್ರ. ಮೇಲಿನ ಪ್ಲಾಸ್ಟಿಕ್ ಸುಟ್ಟು ಗುಜರಿಗೆ ತೂಕಕ್ಕೆ ಹಾಕುತ್ತಾರೆ. ‘ಠಾಣೆಗೆ ಅಲೆಯೋ ಹೊತ್ತಿಗೆ ಹೊಸ ಕೇಬಲ್ಲೇ ಎಳೆಸಬಹುದು’ ಅಂತ ಎಷ್ಟೋ ರೈತರು ಸುಮ್ಮನಾಗುತ್ತಾರೆ. ದೂರು ಇಲ್ಲದಿದ್ದರೆ ಠಾಣೆಯ ಲೆಕ್ಕದಲ್ಲಿ ಆ ಕಳವು ನಡೆದೇ ಇಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 303ರಡಿ ಕಳವಿಗೆ 3 ವರ್ಷದವರೆಗೆ ಜೈಲು. ಆದರೆ ಇಲ್ಲೊಂದು ತೊಡಕಿದೆ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಎಂದಾದರೆ ಸಾಮಾನ್ಯವಾಗಿ ಎಫ್‌ಐಆರ್ ಆಗುವುದಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಹಾಗಾಗಿ ‘ಸ್ವಲ್ಪ ವೈರು ಹೋಗಿದೆ’ ಅಂತ ಬರೆಸಿದರೆ ಕೆಲಸ ಕೆಟ್ಟಂತೆ. ಎಷ್ಟು ಮೀಟರ್, ಯಾವ ಕಂಪನಿ, ಯಾವಾಗ ಕೊಂಡಿದ್ದು, ಸ್ಟಾರ್ಟರ್ ಬಾಕ್ಸೂ ಹೋಗಿದೆಯಾ ಎಲ್ಲ ಬರೆಸಿ, ಬಿಲ್ ಲಗತ್ತಿಸಬೇಕು. ಬೆಲೆ ಏರಿಸಿ ಹೇಳುವುದೂ ಬೇಡ. ಎಲೆಕ್ಟ್ರಿಕಲ್ ಅಂಗಡಿಯವರು ಚೀಟಿ ಬದಲು ಮೀಟರ್ ನಮೂದಿಸಿದ ಬಿಲ್ ಕೊಟ್ಟರೆ ಅರ್ಧ ತಲೆನೋವು ಅಲ್ಲೇ ಕಡಿಮೆ.

ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ದೂರು ದಾಖಲಿಸಲು ಒಪ್ಪದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಅದನ್ನೇ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ಗುಜರಿ ಅಂಗಡಿಯವರಿಗೂ ಒಂದು ಮಾತು: ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ ಕಲಂ 317ರಡಿ 3 ವರ್ಷದವರೆಗೆ ಜೈಲು. ಸುಟ್ಟು ಕಪ್ಪಾದ ತಾಮ್ರ ತಂದವರ ಹೆಸರು, ಗುರುತಿನ ಚೀಟಿ, ಗಾಡಿ ನಂಬರ್ ಬರೆದಿಟ್ಟುಕೊಳ್ಳುವುದು ಅವರಿಗೇ ಕ್ಷೇಮ. ತೋಟದಲ್ಲಿ ಕಳ್ಳರು ಇರುವಾಗಲೇ ಗೊತ್ತಾದರೆ ಒಬ್ಬರೇ ಹೋಗದೆ 112ಕ್ಕೆ ಫೋನ್ ಮಾಡಬೇಕು.