ಇರಕಲ್ಲಗಡಕ್ಕೊಂದು ಗಣಕತೆರೆ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳನ್ನು ಯಾವ ಊರುಗಳ ನಡುವಣ ನಾಡಿನಲ್ಲಿ ಗುರುತಿಸಿತೋ ಆ ಊರುಗಳಲ್ಲಿ ಕೊಪಣವೂ ಒಂದು. ಆ ಕೊಪಣವೇ ಇಂದಿನ ಕೊಪ್ಪಳ, ಅದರ ತಾಲ್ಲೂಕಿನ ಹೋಬಳಿಯೊಂದರ ಕೇಂದ್ರ ಇರಕಲ್ಲಗಡ. ತಿರುಳ್ಗನ್ನಡದ ಈ ಸೀಮೆಯು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಒಳಪಟ್ಟಿದ್ದು, ಕಚೇರಿಯ ಕಾಗದಗಳನ್ನು ಉರ್ದು ಬಲ್ಲವರಿಂದ ಓದಿಸಿಕೊಂಡು ತನ್ನ ಹೊಲಮನೆಗಳ ವಿಚಾರವನ್ನು ತಾನೇ ಅನ್ಯರಿಂದ ತಿಳಿಯಬೇಕಾದ ದುರವಸ್ಥೆಯನ್ನು ಕಂಡುಂಡದ್ದು. ಆದುದರಿಂದ ಶಾಲೆಯ ಗಣಕಯಂತ್ರದ ತೆರೆಯ ಮೇಲೆ ಯಾವ ಲಿಪಿ ಮೂಡಬೇಕು, ಅದನ್ನು ಮೂಡಿಸುವ ಡೆಸ್ಕ್‌ಟಾಪನ್ನು ಆರಿಸುವವರು ಯಾರು ಎಂಬ ವಿಚಾರವನ್ನು ಇಲ್ಲಿಯ ಜನ ಯಂತ್ರಜ್ಞರಿಗಷ್ಟೇ ಬಿಟ್ಟು ಸುಮ್ಮನಿರಲಾಗದು.

ವಿಂಡೋಸಿನಲ್ಲಿ ವ್ಯವಸ್ಥೆಯ ಒಡಲೂ ಡೆಸ್ಕ್‌ಟಾಪೆಂಬ ಅದರ ಮುಖವೂ ಒಂದೇ ಸಂಸ್ಥೆಯಿಂದ ಒಟ್ಟಾಗಿ ಬರುತ್ತವೆ. ಸ್ವತಂತ್ರ ತಂತ್ರಾಂಶದ ಲಿನಕ್ಸ್ ವ್ಯವಸ್ಥೆಗಳಲ್ಲಾದರೋ ಮುಖವು ಬೇರೆ, ಒಡಲು ಬೇರೆ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯು ತೆರೆಯ ಮೇಲೆ ಚಿತ್ರ ಬಿಡಿಸುವ ಸಾಧನವನ್ನು ಮಾತ್ರ ಒದಗಿಸಿ, ಕಿಟಕಿಗಳು ಹೇಗೆ ಕಾಣಬೇಕು, ಪಟ್ಟಿಗಳು ಎಲ್ಲಿರಬೇಕು ಎಂಬ ನಿರ್ಣಯವನ್ನು ಉದ್ದೇಶಪೂರ್ವಕವಾಗಿಯೇ ಪರರಿಗೆ ಬಿಟ್ಟಿತು. ಆಯ್ಕೆಯ ಬೀಜ ಬಿದ್ದದ್ದು ಅಲ್ಲಿ.

1996ರ ಅಕ್ಟೋಬರ್ 14ರಂದು ಮಥಿಯಾಸ್ ಎಟ್ರಿಶ್ ಎಂಬ ಜರ್ಮನ್ ವಿದ್ಯಾರ್ಥಿಯು, ಸಾಮಾನ್ಯ ಬಳಕೆದಾರನಿಗೂ ಸುಲಭವಾಗುವ ಏಕರೂಪದ ಡೆಸ್ಕ್‌ಟಾಪೊಂದನ್ನು ಕಟ್ಟೋಣವೆಂದು ಕರೆಕೊಟ್ಟುದೇ ಕೆಡಿಇ ಯೋಜನೆಯ ಆರಂಭ. ಅದರ ಆಧಾರವಾದ ಕ್ಯೂಟಿ ಎಂಬ ತಂತ್ರಾಂಶವು ನಾರ್ವೆಯ ಟ್ರೋಲ್‌ಟೆಕ್ ಸಂಸ್ಥೆಯದು. ಅದರ ಪರವಾನಗಿಯು ಅಂದಿಗೆ ಪೂರ್ಣ ಸ್ವತಂತ್ರವಾಗಿರಲಿಲ್ಲ. ಈ ಒಂದು ದೋಷವನ್ನು ಸಹಿಸಲಾರದೆ ಮೆಕ್ಸಿಕೋ ದೇಶದ ಮಿಗೆಲ್ ದೆ ಇಕಾಸಾ ಮತ್ತು ಫೆದೆರಿಕೊ ಮೆನಾ ಎಂಬ ತರುಣರು 1997ರ ಆಗಸ್ಟಿನಲ್ಲಿ ಗ್ನೋಮ್ ಎಂಬ ಮತ್ತೊಂದು ಡೆಸ್ಕ್‌ಟಾಪಿನ ಯೋಜನೆಯನ್ನು ಆರಂಭಿಸಿದರು. 1998ರ ಅಕ್ಟೋಬರಿನಲ್ಲಿ, ಲಿನಕ್ಸ್ ವ್ಯವಸ್ಥೆಯೊಂದನ್ನು ಕಟ್ಟಿ ಹಂಚುವ ಡೆಬಿಯನ್ ಬಳಗವು ಇದೇ ಪರವಾನಗಿಯ ತೊಡಕಿನಿಂದ ಕೆಡಿಇಯನ್ನು ತನ್ನ ಸಂಗ್ರಹದಿಂದ ಕೈಬಿಟ್ಟಿತು. ಸೌಂದರ್ಯವೂ ಸೌಕರ್ಯವೂ ಉಳ್ಳ ಸಿದ್ಧವಸ್ತುವೊಂದನ್ನು ಕೇವಲ ತತ್ತ್ವನಿಷ್ಠೆಗಾಗಿ ತ್ಯಜಿಸಿದ ಆ ನಿರ್ಧಾರವನ್ನು ನಾನು ಗಣಕಚರಿತ್ರೆಯ ಶ್ರೇಷ್ಠ ಪ್ರಸಂಗಗಳಲ್ಲಿ ಎಣಿಸುತ್ತೇನೆ. 2000ದ ಸೆಪ್ಟೆಂಬರಿನಲ್ಲಿ ಕ್ಯೂಟಿಗೆ ಜಿಪಿಎಲ್ ಎಂಬ ಸ್ವತಂತ್ರ ಪರವಾನಗಿ ದೊರೆತು ವಿವಾದವು ಶಮನವಾಯಿತಾದರೂ, ಅಷ್ಟು ಹೊತ್ತಿಗೆ ಎರಡು ಮನೆತನಗಳು ಬೇರೂರಿಬಿಟ್ಟಿದ್ದವು. ಇವೆರಡರ ಭಾರವನ್ನು ಹೊರಲಾರದ ಯಂತ್ರಗಳಿಗೆ ಫ್ರಾನ್ಸಿನ ಒಲಿವಿಯೇ ಫೂರ್ದಾನ್ ಆರಂಭಿಸಿದ ಹಗುರ ಡೆಸ್ಕ್‌ಟಾಪಾದ ಎಕ್ಸ್‌ಎಫ್‌ಸಿಇ ಇತ್ತು. 2006ರಲ್ಲಿ ತೈವಾನಿನಿಂದ ಅಂಥದೇ ಎಲ್‌ಎಕ್ಸ್‌ಡಿಇ ಬಂದಿತು.

ಕನ್ನಡಕ್ಕೆ ಇದರಿಂದ ಒದಗಿದ್ದೇನು? 1991ರಲ್ಲಿ, ಲಿಪಿಗಳಿಗೆ ಸಂಕೇತಸಂಖ್ಯೆ ಕೊಡುವ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿತ್ತು. ಆದರೆ ಸಂಕೇತಸಂಖ್ಯೆ ದೊರೆತ ಮಾತ್ರಕ್ಕೆ ಒತ್ತಕ್ಷರವು ತನ್ನ ಮೂಲಾಕ್ಷರದ ಅಡಿಯಲ್ಲಿ ಸರಿಯಾಗಿ ಕುಳಿತೀತೆಂಬ, ಅರ್ಕಾವೊತ್ತು ತನ್ನ ಬಲಗಡೆಯ ಎಡೆಯನ್ನು ಸೇರೀತೆಂಬ ಭರವಸೆಯಿಲ್ಲ. ಆ ಜೋಡಣೆಯನ್ನು ಗ್ನೋಮ್ ಬಳಗದಲ್ಲಿ ಪ್ಯಾಂಗೋ ಎಂಬ ತಂತ್ರಾಂಶವು ನಿರ್ವಹಿಸಿದರೆ ಕೆಡಿಇಯಲ್ಲಿ ಕ್ಯೂಟಿಯ ಸ್ವಂತ ವ್ಯವಸ್ಥೆಯು ನಿರ್ವಹಿಸುತ್ತಿತ್ತು. ಆದುದರಿಂದ ಒಂದೇ ಕನ್ನಡ ಪದವು ಎರಡು ಡೆಸ್ಕ್‌ಟಾಪುಗಳಲ್ಲಿ ಎರಡು ಬಗೆಯಾಗಿ ತೋರುವ ಕಾಲವೊಂದಿತ್ತು. ಹಾರ್ಫ್‌ಬಝ್ ಎಂಬ ಸಮಾನ ಸಾಧನವು ಎರಡೂ ಕಡೆ ನೆಲೆಗೊಂಡ ಮೇಲೆ ಆ ಭೇದವು ಬಹುಮಟ್ಟಿಗೆ ಅಳಿಯಿತು. ರೆಡ್ ಹ್ಯಾಟ್ ಸಂಸ್ಥೆಯಿಂದ ಲೋಹಿತ್ ಕನ್ನಡ ಅಕ್ಷರಶೈಲಿ ಬಂದಿತು. ಆ ಸಂಸ್ಥೆಯ ಪುಣೆಯ ಕಚೇರಿಯ ಅನುವಾದಕರೂ ಸಂಬಳವನ್ನೆಣಿಸದ ಹಲವು ಕನ್ನಡಿಗರೂ ಗ್ನೋಮ್, ಕೆಡಿಇಗಳ ಸಾವಿರಾರು ವಾಕ್ಯಗಳನ್ನು ಕನ್ನಡಿಸಿದರು. ಇವೆಲ್ಲಕ್ಕಿಂತ ನನಗೆ ಹರ್ಷವನ್ನುಂಟುಮಾಡುವ ಸಂಗತಿ ಮತ್ತೊಂದಿದೆ: ಕೆ. ಪಿ. ರಾವ್ ಅವರ ಪ್ರತಿಭೆಯಿಂದ ಮೂಡಿ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ಪರಿಚಿತವಾದ ಕೀಲಿಮಣೆಯ ವಿನ್ಯಾಸವು ಪರಿಷತ್ತಿನ ಹೆಸರಿನ ಸಂಕ್ಷೇಪವಾದ 'ಕಗಪ' ಎಂಬ ಹೆಸರಿನಿಂದಲೇ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಸೇರಿಕೊಂಡಿದೆ. ನುಡಿಯಲ್ಲಿ ಬೆರಳು ಪಳಗಿದ ಗುಮಾಸ್ತರಾಗಲಿ ಮೇಷ್ಟ್ರಾಗಲಿ ಡೆಸ್ಕ್‌ಟಾಪ್ ಬದಲಿಸಿದರೆಂದು ಬೆರಳಚ್ಚನ್ನು ಮರಳಿ ಕಲಿಯಬೇಕಾಗಿಲ್ಲ.

2011ರ ಏಪ್ರಿಲಿನಲ್ಲಿ ಗ್ನೋಮ್ ತನ್ನ ಮೂರನೆಯ ಅವತಾರದಲ್ಲಿ ಹಳೆಯ ರೂಪವನ್ನು ಪೂರ್ತಿ ತೊರೆದಾಗ, ಆ ಹಳೆಯದನ್ನೇ ಉಳಿಸಿಕೊಳ್ಳಬಯಸಿದವರು ಮಾಟೆ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. ಮೂಲಕರ್ತೃವು ಕೈಬಿಟ್ಟುದನ್ನು ಬಳಕೆದಾರನೇ ಕೈಗೆತ್ತಿಕೊಳ್ಳುವ ಅಧಿಕಾರವು ಸ್ವತಂತ್ರ ತಂತ್ರಾಂಶದಲ್ಲಿ ಹೇಗೆ ಫಲಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಡೆಬಿಯನ್ ಬಳಗವಂತೂ 2013ರಲ್ಲಿ ತನ್ನ ಪೂರ್ವನಿಯೋಜಿತ ಡೆಸ್ಕ್‌ಟಾಪಾಗಿ ಎಕ್ಸ್‌ಎಫ್‌ಸಿಇಯನ್ನು ವರಿಸಿ, 2014ರ ಸೆಪ್ಟೆಂಬರಿನಲ್ಲಿ ಮರಳಿ ಗ್ನೋಮಿಗೆ ಬಂದಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ದೃಷ್ಟಿಹೀನರೇ ಮೊದಲಾದವರಿಗೆ ಗ್ನೋಮಿನಲ್ಲಿರುವ ಸೌಲಭ್ಯವೂ ಒಂದಾಗಿತ್ತೆಂಬುದು ಸ್ಮರಣೀಯ.

ಕರ್ನಾಟಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ ತರಬೇತಿ ಕೊಟ್ಟು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಭಂಡಾರವನ್ನು ಶಿಕ್ಷಕರ ಕೈಯಿಂದಲೇ ಕಟ್ಟಿಸಿ ದಾರಿ ತೋರಿದೆ. ಇರಕಲ್ಲಗಡದಂಥ ಹೋಬಳಿಯ ಶಾಲೆಗೆ ಹಳೆಯ ಯಂತ್ರಗಳೇ ಗತಿಯಾಗಿದ್ದರೆ ನನ್ನ ಮತವು ನಿಸ್ಸಂದಿಗ್ಧವಾಗಿ ಎಕ್ಸ್‌ಎಫ್‌ಸಿಇ ಅಥವಾ ಮಾಟೆಯ ಕಡೆಗೆ. ಕಣ್ಣು ಕಾಣದ ಮಗುವೊಂದು ಆ ತರಗತಿಯಲ್ಲಿದ್ದರೆ ಒಂದು ಯಂತ್ರಕ್ಕಾದರೂ ಸಾಕಷ್ಟು ಮೆಮೊರಿಯನ್ನೊದಗಿಸಿ ಗ್ನೋಮನ್ನು ಸ್ಥಾಪಿಸತಕ್ಕದ್ದು. ಹೊಸ ಆವೃತ್ತಿ ಬಂದಂತೆಲ್ಲ ಹೊಸ ವಾಕ್ಯಗಳು ಸೇರುವುದರಿಂದ ಇವುಗಳಲ್ಲಿ ಯಾವುದರ ಕನ್ನಡವೂ ಪೂರ್ಣವಾಗಿಲ್ಲ. ಕನ್ನಡ ಪಟ್ಟಿಯ ನಡುವೆ ಇಂಗ್ಲಿಷ್ ಸಾಲುಗಳು ಇಣುಕುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಶಿಕ್ಷಕರು ಅಂಥ ಸಾಲು ಕಂಡಾಗ ತಮ್ಮ ಸೀಮೆಯ ನುಡಿಯಲ್ಲಿ ಅದಕ್ಕೊಂದು ಅನುವಾದವನ್ನು ಬರೆದು ಆಯಾ ಯೋಜನೆಯ ಕನ್ನಡ ತಂಡಕ್ಕೆ ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ.